ಟಚ್ ಆಫ್ ಈವಿಲ್: ಡಿಸ್ಕ್‌ನಲ್ಲಿರುವ ಮೂರು ಆವೃತ್ತಿಗಳಲ್ಲಿ ಮೊದಲು ಯಾವುದನ್ನು ನೋಡಬೇಕು?

ಕಪ್ಪುಬಿಳುಪು (ಚರ್ಚೆ ಆರಂಭಿಸಿದವರು):

ಆರ್ಸನ್ ವೆಲ್ಸ್ ಅವರ ‘ಟಚ್ ಆಫ್ ಈವಿಲ್’ ಚಿತ್ರದ ಡಿಸ್ಕ್ ಕೊಂಡು ತಂದವರಿಗೆ ಮೆನು ತೆರೆದೊಡನೆಯೇ ಒಂದು ತೊಡಕು ಎದುರಾಗುತ್ತದೆ. ಅಲ್ಲಿರುವುದು ಒಂದು ಚಿತ್ರವಲ್ಲ, ಮೂರು. 1958ರಲ್ಲಿ ಚಿತ್ರಮಂದಿರಗಳಿಗೆ ಬಂದ ಸುಮಾರು 96 ನಿಮಿಷಗಳ ಆವೃತ್ತಿ ಒಂದು. ಅದಕ್ಕೂ ಮೊದಲು ಪೂರ್ವಪ್ರದರ್ಶನಕ್ಕೆಂದು ಸಿದ್ಧವಾಗಿ, ಆಮೇಲೆ ಮರೆಯಾಗಿ, 1970ರ ದಶಕದಲ್ಲಿ ಯೂನಿವರ್ಸಲ್ ಸಂಸ್ಥೆಯ ಸಂಗ್ರಹದಲ್ಲಿ ಮತ್ತೆ ಸಿಕ್ಕ ಸುಮಾರು 109 ನಿಮಿಷಗಳದ್ದು ಇನ್ನೊಂದು. ವೆಲ್ಸ್ ತೀರಿಕೊಂಡು 13 ವರ್ಷಗಳಾದ ಮೇಲೆ, 1998ರಲ್ಲಿ, ನಿರ್ಮಾಪಕ ರಿಕ್ ಶ್ಮಿಡ್ಲಿನ್ ಮತ್ತು ಸಂಕಲನಕಾರ ವಾಲ್ಟರ್ ಮರ್ಚ್ ಸೇರಿ ಕಟ್ಟಿದ ಸುಮಾರು 111 ನಿಮಿಷಗಳದ್ದು ಮೂರನೆಯದು.

ಈ ಮೂರನೆಯದನ್ನು ‘ನಿರ್ದೇಶಕರ ಆವೃತ್ತಿ’ ಎಂದು ಕರೆಯುವ ರೂಢಿ ಬೆಳೆದಿದೆ. ಅದು ಸರಿಯಲ್ಲ. ವೆಲ್ಸ್ ಅವರ ಕೈಯಿಂದ ಪೂರ್ಣಗೊಂಡ ಆವೃತ್ತಿ ಈ ಚಿತ್ರಕ್ಕೆ ಇಲ್ಲವೇ ಇಲ್ಲ. ಚಿತ್ರೀಕರಣ 1957ರ ಆರಂಭದ ತಿಂಗಳುಗಳಲ್ಲಿ ಮುಗಿಯಿತು. ಸಂಕಲನ ನಡೆಯುತ್ತಿರುವಾಗಲೇ ಚಿತ್ರ ನಿರ್ಮಿಸಿದ ಯೂನಿವರ್ಸಲ್ ಸಂಸ್ಥೆ ಚಿತ್ರವನ್ನು ಅವರ ಕೈಯಿಂದ ತೆಗೆದುಕೊಂಡಿತು. ಕಥೆ ಸುಲಭವಾಗಿ ಅರ್ಥವಾಗಲೆಂದು ಕೆಲವು ದೃಶ್ಯಗಳನ್ನು ಹ್ಯಾರಿ ಕೆಲ್ಲರ್ ಎಂಬ ಬೇರೆ ನಿರ್ದೇಶಕರಿಂದ ಹೊಸದಾಗಿ ತೆಗೆಸಿತು. ಹೀಗೆ ಸಿದ್ಧವಾದ ಪ್ರತಿಯನ್ನು ವೆಲ್ಸ್ ಅವರಿಗೆ ತೋರಿಸಿದಾಗ, ಅವರು 1957ರ ಡಿಸೆಂಬರ್‌ನಲ್ಲಿ ಸ್ಟುಡಿಯೊ ಮುಖ್ಯಸ್ಥ ಎಡ್ವರ್ಡ್ ಮುಲ್ ಅವರಿಗೆ 58 ಪುಟಗಳ ಟಿಪ್ಪಣಿಯೊಂದನ್ನು ಬರೆದು ಕಳುಹಿಸಿದರು. ಅದರಲ್ಲಿ ಕೆಲವನ್ನಷ್ಟೇ ಸಂಸ್ಥೆ ಒಪ್ಪಿಕೊಂಡಿತು. ನಾಲ್ಕು ದಶಕಗಳ ನಂತರ ಮರ್ಚ್ ಅವರು ಕೈಗೆತ್ತಿಕೊಂಡದ್ದು ಇದೇ ಟಿಪ್ಪಣಿಯನ್ನು. ಬೇರೆಯವರು ಜೋಡಿಸಿದ ಚಿತ್ರವನ್ನು ಆದಷ್ಟು ಉಳಿಸಿಕೊಳ್ಳಲು, ಅಧಿಕಾರ ಕಳೆದುಕೊಂಡ ನಿರ್ದೇಶಕನೊಬ್ಬ ಬಹಳ ವಿನಯದಿಂದ, ಎಲ್ಲಿಯೂ ಸ್ಟುಡಿಯೊದ ಮನಸ್ಸು ಕೆಡದಂತೆ ಎಚ್ಚರವಹಿಸಿ ಬರೆದ ಮನವಿ ಅದು. ತನಗೆ ಸ್ವಾತಂತ್ರ್ಯವಿದ್ದಿದ್ದರೆ ಏನು ಮಾಡುತ್ತಿದ್ದೆ ಎಂಬುದನ್ನು ಅವರು ಅಲ್ಲಿ ಬರೆಯಲಿಲ್ಲ. ಬರೆಯುವ ಸ್ಥಿತಿಯಲ್ಲಿಯೂ ಇರಲಿಲ್ಲ.

ಇಷ್ಟಾಗಿಯೂ ಮೊದಲ ಸಲ ನೋಡುವವರಿಗೆ ನಾನು 1998ರದ್ದನ್ನೇ ಸೂಚಿಸುತ್ತೇನೆ. ಪುನಶ್ಚೇತನವೆಂದರೆ ಗೀರು ಅಳಿಸುವುದು, ಕಪ್ಪನ್ನು ಇನ್ನಷ್ಟು ಕಪ್ಪಾಗಿಸುವುದು ಎಂದೇ ನಾವು ಭಾವಿಸುತ್ತೇವೆ. ಆದರೆ ಈ ಚಿತ್ರದಲ್ಲಿ ನಿಜವಾಗಿ ಮರಳಿ ಬಂದಿರುವುದು ಧ್ವನಿ.

ಆರಂಭದ ದೃಶ್ಯವನ್ನೇ ನೋಡಿ. ಕಾರಿನ ಡಿಕ್ಕಿಯಲ್ಲಿ ಬಾಂಬ್ ಇಡುವ ಕೈಗಳಿಂದ ಹೊರಟ ಕ್ಯಾಮೆರಾ, ಕ್ರೇನಿನ ಮೇಲೆ ಕಟ್ಟಡಗಳನ್ನು ದಾಟಿ, ಮೆಕ್ಸಿಕೋದ ಗಡಿ ಊರಿನ ಬೀದಿಗಿಳಿದು, ಆ ಕಾರನ್ನೂ, ಪಕ್ಕದಲ್ಲಿ ನಡೆಯುತ್ತಿರುವ ನವದಂಪತಿಯನ್ನೂ ಹಿಂಬಾಲಿಸುತ್ತ ಮೂರು ನಿಮಿಷಗಳಿಗೂ ಹೆಚ್ಚು ಕಾಲ ಎಲ್ಲಿಯೂ ಕತ್ತರಿಸದೆ ಸಾಗುತ್ತದೆ. 1958ರ ಆವೃತ್ತಿಯಲ್ಲಿ ಈ ಇಡೀ ಶಾಟ್‌ನ ಮೇಲೆ ನಟರ, ತಂತ್ರಜ್ಞರ ಹೆಸರುಗಳು ಹಾದುಹೋಗುತ್ತವೆ, ಹಿಂದೆ ಹೆನ್ರಿ ಮ್ಯಾನ್ಸಿನಿಯವರ ಶೀರ್ಷಿಕೆ ಸಂಗೀತ ಮೊಳಗುತ್ತದೆ. ವೆಲ್ಸ್ ಬಯಸಿದ್ದು ಬೇರೆಯದೇ: ಗಡಿಯ ಬೀದಿಯಲ್ಲಿ ಸಾಲಾಗಿರುವ ನೈಟ್‌ಕ್ಲಬ್‌ಗಳಿಂದ ಒಂದಾದ ಮೇಲೊಂದು ಹಾಡು ತೇಲಿ ಬರಬೇಕು, ಕಾರಿನ ರೇಡಿಯೊ ಅದರೊಳಗೆ ಬೆರೆಯಬೇಕು. 1998ರಲ್ಲಿ ಹೆಸರುಗಳನ್ನು ತೆಗೆದು ಹಾಗೆಯೇ ಮಾಡಿದರು. ಪರಿಣಾಮವನ್ನು ಸ್ವತಃ ಕೇಳಿ ನೋಡಬೇಕು. ಕಾರು ಚೌಕಟ್ಟಿನಿಂದ ಹೊರಗೆ ಹೋದಾಗಲೂ ಅದರ ರೇಡಿಯೊ ಹತ್ತಿರವಾಗುತ್ತ, ದೂರವಾಗುತ್ತ, ಬಾಂಬ್ ಎಲ್ಲಿದೆ ಎಂಬುದನ್ನು ನಮ್ಮ ಕಿವಿಗೆ ತಿಳಿಸುತ್ತಲೇ ಇರುತ್ತದೆ. ಗಡಿ ಠಾಣೆಯಲ್ಲಿ ಕಾರಿನೊಳಗಿನ ಹುಡುಗಿ ತನ್ನ ತಲೆಯಲ್ಲಿ ಟಿಕ್ ಟಿಕ್ ಎನ್ನುತ್ತಿದೆ ಎಂದು ದೂರುವ ಮಾತಿಗೆ ಆಗಷ್ಟೇ ಪೂರ್ತಿ ಬೆಲೆ ಬರುತ್ತದೆ.

ಟಿಪ್ಪಣಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವೂ ಧ್ವನಿಯದ್ದೇ. ಬೀದಿಯ ಸಂಗೀತವನ್ನು ಸ್ಟುಡಿಯೊದ ಹೊರಗಿನ ಓಣಿಯಲ್ಲಿ ಅಗ್ಗದ ಸ್ಪೀಕರ್ ಒಂದರ ಮೂಲಕ ನುಡಿಸಿ, ಅದನ್ನು ಮತ್ತೆ ಧ್ವನಿಮುದ್ರಿಸಿಕೊಳ್ಳಬೇಕು, ಸಾಲದಿದ್ದರೆ ಇನ್ನಷ್ಟು ಹಾಳುಗೆಡವಬೇಕು ಎಂದು ವೆಲ್ಸ್ ಕೇಳಿಕೊಳ್ಳುತ್ತಾರೆ. ಸಂಗೀತ ಶುದ್ಧವಾಗಿ ಕೇಳಿಸಬಾರದು, ಗೋಡೆಗೆ ಬಡಿದು ಬಂದಂತಿರಬೇಕು ಎಂಬ ಹಟ. 1970ರ ದಶಕದಲ್ಲಿ ಮರ್ಚ್ ತಮ್ಮ ಚಿತ್ರಗಳಲ್ಲಿ ಹೆಚ್ಚು ಕಡಿಮೆ ಇದೇ ವಿಧಾನವನ್ನು ಸ್ವತಂತ್ರವಾಗಿ ರೂಪಿಸಿಕೊಂಡಿದ್ದರು. ಈ ಕೆಲಸಕ್ಕೆ ಅವರಿಗಿಂತ ತಕ್ಕವರು ಸಿಗುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಮ್ಯಾಟಿನಿಪ್ರಿಯ:

ವಿವರವಾದ ಬರಹಕ್ಕೆ ಧನ್ಯವಾದಗಳು ಸರ್. ನಾನು ಈ ಚಿತ್ರವನ್ನು ಇನ್ನೂ ನೋಡಿಲ್ಲ. ಆದ್ದರಿಂದ ಕೊನೆಯ ದೃಶ್ಯಗಳ ಬಗ್ಗೆ ಬರೆಯುವವರು ಮೊದಲೇ ಒಂದು ಎಚ್ಚರಿಕೆಯ ಸಾಲು ಹಾಕಬೇಕೆಂದು ಕೋರುತ್ತೇನೆ. ಇನ್ನೊಂದು ಪ್ರಾಯೋಗಿಕ ಪ್ರಶ್ನೆ. ಅಮೆರಿಕದಲ್ಲಿರುವ ನನ್ನ ಅಣ್ಣ ಮುಂದಿನ ಬಾರಿ ಊರಿಗೆ ಬರುವಾಗ ಡಿಸ್ಕ್ ತರುತ್ತೇನೆ ಎಂದಿದ್ದಾರೆ. ಅಲ್ಲಿ ಕೊಂಡ ಡಿಸ್ಕ್ ಇಲ್ಲಿನ ಪ್ಲೇಯರ್‌ನಲ್ಲಿ ನಡೆಯುತ್ತದೆಯೇ?

ಹಳೆರೀಲು:

ಮ್ಯಾಟಿನಿಪ್ರಿಯ ಅವರಿಗೆ: ಬ್ಲೂ-ರೇ ವಲಯಗಳಲ್ಲಿ ಅಮೆರಿಕ ‘ಎ’, ಬ್ರಿಟನ್ ‘ಬಿ’, ಭಾರತ ‘ಸಿ’. ವಲಯ ನಿರ್ಬಂಧವಿರುವ ಅಮೆರಿಕದ ಬ್ಲೂ-ರೇ ಡಿಸ್ಕ್ ಇಲ್ಲಿನ ಸಾಮಾನ್ಯ ಪ್ಲೇಯರ್‌ನಲ್ಲಿ ತೆರೆಯುವುದೇ ಇಲ್ಲ. 4ಕೆ ಯುಎಚ್‌ಡಿ ಡಿಸ್ಕ್‌ಗಳಿಗೆ ಮಾತ್ರ ವಲಯದ ಕಟ್ಟುಪಾಡಿಲ್ಲ. ಕೀನೋ ಲೋರ್ಬರ್ ಸಂಸ್ಥೆ 2022ರಲ್ಲಿ ಮೂರೂ ಆವೃತ್ತಿಗಳನ್ನು 4ಕೆಯಲ್ಲಿ ಹೊರತಂದಿದೆ. ನಿಮ್ಮಲ್ಲಿ 4ಕೆ ಪ್ಲೇಯರ್ ಇದ್ದರೆ ಅಣ್ಣನವರಿಗೆ ಅದನ್ನೇ ತರಲು ಹೇಳಿ.

ತಬಲಾತರಂಗ:

ಕಪ್ಪುಬಿಳುಪು ಅವರ ವಾದವನ್ನು ಗೌರವದಿಂದಲೇ ಓದಿದೆ, ಆದರೆ ಮ್ಯಾನ್ಸಿನಿಯವರಿಗೆ ಅಲ್ಲಿ ಅನ್ಯಾಯವಾಗಿದೆ. ಶೀರ್ಷಿಕೆ ಸಂಗೀತವನ್ನು ಸ್ಟುಡಿಯೊ ಹೇರಿದ ಅಲಂಕಾರವೆಂಬಂತೆ ಎಲ್ಲರೂ ಮಾತನಾಡುತ್ತಾರೆ. ಒಮ್ಮೆ ಕಣ್ಣು ಮುಚ್ಚಿ ಅದನ್ನು ಕೇಳಿ. ಬೊಂಗೊ ವಾದ್ಯದ ನಡೆ ಆರಂಭದಿಂದಲೇ ಗಡಿಯಾರದ ಕೆಲಸ ಮಾಡುತ್ತಿದೆ. ಅದರ ಮೇಲೆ ಹಿತ್ತಾಳೆಯ ವಾದ್ಯಗಳು ಒಂದರ ಹಿಂದೊಂದು ಏರಿ ಬರುತ್ತವೆ. ಬಾಂಬ್‌ನ ಮುಳ್ಳು ತಿರುಗಿಸಿದ ಕ್ಷಣದಿಂದ ಸ್ಫೋಟದವರೆಗೆ ಆ ತಾಳ ನಮ್ಮನ್ನು ಬಿಡುವುದಿಲ್ಲ. 1998ರ ಆವೃತ್ತಿಯಲ್ಲಿ ಬೀದಿ ಜೀವಂತವಾಗಿದೆ ನಿಜ, ಆದರೆ ತಾಳ ಚದುರಿಹೋಗಿದೆ.

ಇನ್ನೊಂದು ಮಾತು. ಚಿತ್ರದ ಉಳಿದ ಭಾಗದಲ್ಲಿ ಸಂಗೀತ ಹೆಚ್ಚಾಗಿ ರೇಡಿಯೊ, ಜೂಕ್‌ಬಾಕ್ಸ್, ಪಿಯನೋಲಾ (ತಾನಾಗಿಯೇ ನುಡಿಯುವ ಪಿಯಾನೊ) ಮುಂತಾಗಿ ಕಥೆಯೊಳಗಿನ ಮೂಲಗಳಿಂದಲೇ ಬರುತ್ತದೆ. ಅದನ್ನು ಹಾಗೆ ಸಂಯೋಜಿಸಿದವರೂ ಮ್ಯಾನ್ಸಿನಿಯೇ. ಅವರು ಆಗ ಯೂನಿವರ್ಸಲ್‌ನ ಸಂಗೀತ ವಿಭಾಗದ ನೌಕರರು. ಹೆಸರು ಬಂದದ್ದು ಆಮೇಲೆ. ನಿರ್ದೇಶಕರ ಮನಸ್ಸನ್ನು ಅಷ್ಟು ಚೆನ್ನಾಗಿ ಅರಿತಿದ್ದ ಸಂಗೀತಗಾರನನ್ನು ಮೊದಲ ದೃಶ್ಯದ ಮಟ್ಟಿಗೆ ಖಳನಾಯಕನನ್ನಾಗಿ ಮಾಡುವುದು ಸಲ್ಲದು.

ಕಪ್ಪುಬಿಳುಪು:

ತಬಲಾತರಂಗ ಅವರೇ, ಬೊಂಗೊ ಗಡಿಯಾರವಾಗುತ್ತದೆ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ, ಮತ್ತು ಅಲ್ಲಿಯೇ ನನ್ನ ಆಕ್ಷೇಪವೂ ಇದೆ. ಆ ತಾಳ ಕೇಳಿಸುವುದು ಪ್ರೇಕ್ಷಕರಿಗೆ ಮಾತ್ರ, ಪಾತ್ರಗಳಿಗಲ್ಲ. ‘ಏನೋ ಆಗಲಿದೆ, ಸಿದ್ಧರಾಗಿ’ ಎಂದು ಅದು ನಮಗೆ ಮುಂಚಿತವಾಗಿ ಹೇಳಿಬಿಡುತ್ತದೆ. ರೇಡಿಯೊ ಹಾಗಲ್ಲ, ಅದು ಸಾಯಲಿರುವವರೇ ಕೇಳುತ್ತಿರುವ ಸಂಗೀತ. ಉಳಿದ ಚಿತ್ರಕ್ಕೆ ಮ್ಯಾನ್ಸಿನಿ ಪಾಲಿಸಿದ ನಿಯಮವನ್ನೇ 1998ರವರು ಮೊದಲ ದೃಶ್ಯಕ್ಕೂ ವಿಸ್ತರಿಸಿದ್ದಾರೆ ಎಂದು ನೋಡಿದರೆ, ಅದು ಅವರ ಕೆಲಸಕ್ಕೆ ಸಲ್ಲಿಸಿದ ಗೌರವವೇ ಆಗುತ್ತದೆ.

ಚೌಕಟ್ಟು:

ಎಲ್ಲರೂ ಧ್ವನಿಯ ಹಿಂದೆ ಬಿದ್ದಿರುವುದರಿಂದ ಚಿತ್ರದ ಅಳತೆಯ ಪ್ರಶ್ನೆಯನ್ನು ನಾನು ಎತ್ತುತ್ತೇನೆ. ಇದನ್ನು 1.85ರ (ಎತ್ತರದ 1.85 ಪಟ್ಟು ಅಗಲದ) ಅಗಲ ಚೌಕಟ್ಟಿನಲ್ಲಿ ನೋಡಬೇಕೋ, ಹಳೆಯ 1.37ರಲ್ಲೋ? ಬ್ರಿಟನ್ನಿನ ಯುರೇಕಾ ಸಂಸ್ಥೆ 2011ರ ಬ್ಲೂ-ರೇಯಲ್ಲಿ ಈ ಜಗಳಕ್ಕೆ ಮಣಿದು, ಚಿತ್ರಮಂದಿರದ ಆವೃತ್ತಿಯನ್ನೂ 1998ರ ಆವೃತ್ತಿಯನ್ನೂ ಎರಡೂ ಅಳತೆಗಳಲ್ಲಿ ಕೊಟ್ಟಿತು. ಪೂರ್ವಪ್ರದರ್ಶನದ್ದು ಸೇರಿ ಒಟ್ಟು ಐದು. ಯೂನಿವರ್ಸಲ್‌ನ ಸ್ವಂತ ಡಿಸ್ಕ್‌ಗಳು 1.85ಕ್ಕೇ ಅಂಟಿಕೊಂಡಿವೆ.

ಇತಿಹಾಸ 1.85ರ ಪರವಾಗಿದೆ. ಟೆಲಿವಿಷನ್ನಿನ ಪೈಪೋಟಿ ತಾಳಲಾರದೆ ಹಾಲಿವುಡ್ 1953ರಲ್ಲಿ ಅಗಲ ಪರದೆಯತ್ತ ತಿರುಗಿದಾಗ ಮುಂಚೂಣಿಯಲ್ಲಿದ್ದ ಸಂಸ್ಥೆಗಳಲ್ಲಿ ಯೂನಿವರ್ಸಲ್ ಒಂದು. ಫಿಲ್ಮಿನ ಮೇಲೆ ದಾಖಲಾಗುತ್ತಿದ್ದುದು ಪೂರ್ತಿ ಚೌಕ. ಪ್ರದರ್ಶನದ ವೇಳೆ ಮೇಲೆ ಕೆಳಗೆ ಮುಚ್ಚಿ ಅಗಲ ಮಾಡುತ್ತಿದ್ದರು. 1958ರಲ್ಲಿ ಅಮೆರಿಕದ ಪ್ರೇಕ್ಷಕರು ನೋಡಿದ್ದು ಆ ಮುಚ್ಚಿದ ಚಿತ್ರವನ್ನೇ. ಛಾಯಾಗ್ರಾಹಕ ರಸ್ಸೆಲ್ ಮೆಟಿ ಆ ಪದ್ಧತಿಯಲ್ಲಿ ಪಳಗಿದವರು. ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ.

ಆದರೆ ಒಂದನ್ನು ಒಪ್ಪಬೇಕು. ಕ್ವಿನ್ಲನ್ ಎಂಬ ಪೊಲೀಸ್ ಅಧಿಕಾರಿಯ ಪಾತ್ರದಲ್ಲಿ ವೆಲ್ಸ್ ಚೌಕಟ್ಟು ತುಂಬುವ ಶಾಟ್‌ಗಳಲ್ಲಿ ಕ್ಯಾಮೆರಾ ನೆಲದ ಹತ್ತಿರವಿರುತ್ತದೆ, ಮಸೂರ ವಿಪರೀತ ಅಗಲವಾದದ್ದು. 1.37ರಲ್ಲಿ ಅವರ ತಲೆಯ ಮೇಲೆ ಚಾವಣಿ ಕವಿದು ಕೂತಿರುತ್ತದೆ. 1.85ರಲ್ಲಿ ಚಾವಣಿ ಕಡಿಮೆಯಾಗಿ, ದೇಹವೇ ಗೋಡೆಯಾಗುತ್ತದೆ. ಎರಡೂ ಬೇರೆ ಬೇರೆ ರೀತಿಯ ಉಸಿರುಗಟ್ಟುವಿಕೆ. ನಾನು ಎರಡನೆಯದನ್ನು ಆರಿಸಿಕೊಳ್ಳುತ್ತೇನೆ, ಏಕೆಂದರೆ 1.37ರಲ್ಲಿ ಹಲವು ಕಡೆ ತಲೆಯ ಮೇಲಿನ ಖಾಲಿ ಜಾಗ ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಬಿದ್ದಿರುತ್ತದೆ.

ನೆರಳುಬೇಟೆ:

4ಕೆ ಪ್ರತಿಯ ಬಗ್ಗೆ ಎಲ್ಲರೂ ಬರೀ ಹೊಗಳಿಕೆಯನ್ನೇ ಬರೆಯುತ್ತಾರಾದ್ದರಿಂದ ಒಂದು ಅಪ್ರಿಯ ಸಂಗತಿಯನ್ನು ಸೇರಿಸುತ್ತೇನೆ. ಚಾರ್ಲ್ಟನ್ ಹೆಸ್ಟನ್ ಇಲ್ಲಿ ವಾರ್ಗಾಸ್ ಎಂಬ ಮೆಕ್ಸಿಕನ್ ಅಧಿಕಾರಿ. ಅದಕ್ಕಾಗಿ ಅವರ ಚರ್ಮಕ್ಕೆ ಕಂದು ಬಳಿದು, ಕೂದಲಿಗೂ ಮೀಸೆಗೂ ಕಪ್ಪು ಹಚ್ಚಿದ್ದಾರೆ. ಹಳೆಯ ಮಸುಕು ಪ್ರತಿಗಳಲ್ಲಿ ಇದು ಅಷ್ಟಾಗಿ ಕಣ್ಣಿಗೆ ಬೀಳುತ್ತಿರಲಿಲ್ಲ. ಸ್ವಚ್ಛವಾದ ಪ್ರತಿಯಲ್ಲಿ ಬಣ್ಣ ಬಳಿದದ್ದು ಬಣ್ಣ ಬಳಿದಂತೆಯೇ ಕಾಣುತ್ತದೆ. ಗಡಿಯಾಚೆಯವರ ಮೇಲಿನ ಪೊಲೀಸರ ತಿರಸ್ಕಾರವನ್ನು ಇಷ್ಟು ನೇರವಾಗಿ ಬಯಲಿಗಿಡುವ ಚಿತ್ರ, ತನ್ನ ನಾಯಕನ ಪಾತ್ರಕ್ಕೆ ಮೆಕ್ಸಿಕನ್ ನಟನೊಬ್ಬನನ್ನು ತರಲಿಲ್ಲ ಎಂಬ ಸಂಗತಿ 4ಕೆಯಲ್ಲಿ ಪ್ರತಿ ಕ್ಲೋಸ್‌ಅಪ್‌ನಲ್ಲಿಯೂ ಎದುರು ನಿಲ್ಲುತ್ತದೆ. ಇದನ್ನು ದೋಷವೆಂದು ಡಿಸ್ಕ್ ತಯಾರಿಸಿದವರು ತಿದ್ದಲಾಗದು, ತಿದ್ದಲೂಬಾರದು.

ಅದೇ ಸ್ಪಷ್ಟತೆಯಿಂದ ಲಾಭವೂ ಇದೆ. ಶಂಕಿತ ಸ್ಯಾಂಚೆಜ್‌ನ ಮನೆಯಲ್ಲಿ ನಡೆಯುವ ವಿಚಾರಣೆಯನ್ನು ವೆಲ್ಸ್ ಸುದೀರ್ಘ ಶಾಟ್‌ಗಳಲ್ಲಿ ತೆಗೆದಿದ್ದಾರೆ. ಇಕ್ಕಟ್ಟಾದ ಕೋಣೆ, ಒಳಗೆ ಹೊರಗೆ ಓಡಾಡುವ ಜನ, ಎಲ್ಲರ ಮಾತೂ ಒಂದರ ಮೇಲೊಂದು. ಅದರ ನಡುವೆ ವಾರ್ಗಾಸ್ ಬಚ್ಚಲುಮನೆಯಲ್ಲಿ ಒಂದು ಷೂ ಪೆಟ್ಟಿಗೆಯನ್ನು ಕೆಡವುತ್ತಾನೆ, ಅದು ಖಾಲಿ. ಸ್ವಲ್ಪ ಹೊತ್ತಿನ ನಂತರ ಅದೇ ಪೆಟ್ಟಿಗೆಯಲ್ಲಿ ಪೊಲೀಸರಿಗೆ ಡೈನಮೈಟ್ ‘ಸಿಗುತ್ತದೆ’. ಇಡೀ ಕಥೆ ನಿಂತಿರುವುದು ಆ ಖಾಲಿ ಪೆಟ್ಟಿಗೆಯನ್ನು ನಾವೂ ಕಂಡಿದ್ದೇವೆಯೇ ಎಂಬುದರ ಮೇಲೆ. ಒಳ್ಳೆಯ ಪ್ರತಿಯಲ್ಲಿ ನಾವು ವಾರ್ಗಾಸ್‌ನ ಜೊತೆಗೆ ಸಾಕ್ಷಿಗಳಾಗುತ್ತೇವೆ.

ಟಿವಿಯ ಹೊಂದಾಣಿಕೆಯ ಬಗ್ಗೆಯೂ ಒಂದು ಮಾತು: ಚಲನೆಯನ್ನು ನುಣುಪಾಗಿಸುವ ಆಯ್ಕೆಯನ್ನು ಆಫ್ ಮಾಡಿ, ಶಾರ್ಪ್‌ನೆಸ್ ತಗ್ಗಿಸಿ, ‘ನಾಯ್ಸ್ ರಿಡಕ್ಷನ್’ ಪೂರ್ತಿ ತೆಗೆಯಿರಿ. ಪರದೆಯ ಮೇಲೆ ನವುರಾಗಿ ಕುದಿಯುವ ಕಣಗಳು ಕೊಳೆಯಲ್ಲ, ಫಿಲ್ಮಿನ ಮೈಯೇ ಅದು. ಟಿವಿ ಅದನ್ನು ಒರೆಸಿದರೆ ಮುಖಗಳೂ ಜೊತೆಗೇ ಒರೆಸಿಹೋಗುತ್ತವೆ.

ಹಳೆರೀಲು:

ಪೂರ್ವಪ್ರದರ್ಶನದ ಆವೃತ್ತಿಯನ್ನು ಇಲ್ಲಿ ಯಾರೂ ವಿಚಾರಿಸುತ್ತಿಲ್ಲವಲ್ಲ! ಅದು ಸಿಕ್ಕ ಮೇಲೆ ಎರಡು ದಶಕಗಳ ಕಾಲ ಅನೇಕರು ಅದನ್ನೇ ವೆಲ್ಸ್ ಅವರ ಮೂಲವೆಂದು ನಂಬಿದ್ದರು. ಉದ್ದವಾಗಿದೆ ಎಂಬುದೇ ಆ ನಂಬಿಕೆಗೆ ಕಾರಣ. ವೆಲ್ಸ್ ತೆಗೆದ ಹೆಚ್ಚಿನ ಭಾಗಗಳು ಅದರಲ್ಲಿ ಇವೆ, ಸರಿ. ಆದರೆ ಕೆಲ್ಲರ್ ತೆಗೆದ ದೃಶ್ಯಗಳೂ ಅದರಲ್ಲಿ ಧಾರಾಳವಾಗಿವೆ. ಸ್ಫೋಟದ ನಂತರ ಹೋಟೆಲಿನ ಮುಂಗೋಣೆಯಲ್ಲಿ ವಾರ್ಗಾಸ್ ಮತ್ತು ಅವನ ಹೆಂಡತಿ ಸೂಸನ್ ನಿಂತು ಮಾತನಾಡುವ ದೃಶ್ಯ ಕೆಲ್ಲರ್ ಅವರದ್ದು. ಬೆಳಕು ಚಪ್ಪಟೆ, ಕ್ಯಾಮೆರಾ ಅಲ್ಲಾಡದು, ಇಬ್ಬರೂ ಪ್ರೇಕ್ಷಕರಿಗೆ ಕಥೆ ವಿವರಿಸುತ್ತಾರೆ. 1998ರಲ್ಲಿ ಅದನ್ನು ತೆಗೆದುಹಾಕಿದರು. ಹೊಲಿಗೆಯ ಗುರುತು ಕಾಣಬೇಕೆನ್ನುವವರು ಈ ಆವೃತ್ತಿಯನ್ನು ಮೂರನೆಯದಾಗಿ ನೋಡಲಿ, ಮೊದಲಿಗೆ ಬೇಡ.

ಚಿತ್ರದ ಗುಣಮಟ್ಟದ ಬಗ್ಗೆ ಒಂದು ತಾಂತ್ರಿಕ ಅಂಶ. ಮೂಲ ಕ್ಯಾಮೆರಾ ನೆಗೆಟಿವ್ ಉಳಿದಿರುವುದು 1958ರ ಚಿತ್ರಮಂದಿರದ ಆವೃತ್ತಿಗೆ ತಕ್ಕಂತೆ ಕತ್ತರಿಸಿದ ರೂಪದಲ್ಲಿ. ಉದ್ದದ ಆವೃತ್ತಿಗಳಲ್ಲಿ ಹೆಚ್ಚುವರಿಯಾಗಿರುವ ಭಾಗಗಳನ್ನು ಅದರ ನಂತರದ ತಲೆಮಾರಿನ ಪ್ರತಿಯಿಂದ ತೆಗೆದುಕೊಳ್ಳಬೇಕಾಯಿತು. ಹಾಗಾಗಿ ಶುದ್ಧ ದೃಶ್ಯಸುಖಕ್ಕೆಂದು ಕೇಳುವುದಾದರೆ ಅತ್ಯುತ್ತಮವಾಗಿ ಕಾಣುವುದು ಎಲ್ಲರೂ ಬೈಯುವ ಆ 96 ನಿಮಿಷಗಳದ್ದೇ.

ಕಪ್ಪುಬಿಳುಪು:

(ಮ್ಯಾಟಿನಿಪ್ರಿಯ ಅವರು ಇದನ್ನು ಓದದೆ ಮುಂದಕ್ಕೆ ಹೋಗಬೇಕು. ಕೊನೆಯ ದೃಶ್ಯದ ವಿವರವಿದೆ.)

ಹಳೆರೀಲು ಅವರು ಕೊನೆಯಲ್ಲಿ ಹೇಳಿದ್ದು ಬಹಳ ಮುಖ್ಯ. ನೋಟಕ್ಕೆ 96 ನಿಮಿಷಗಳದ್ದು ಮೇಲು ಎಂದಾದರೆ, 1998ರದ್ದನ್ನು ಆರಿಸಲು ಕಾರಣ ಬೇರೆಡೆಯೇ ಇರಬೇಕು. ನನ್ನ ಪ್ರಕಾರ ಆ ಕಾರಣ ಮೆನ್ಜೀಸ್. ಕ್ವಿನ್ಲನ್‌ನನ್ನು ದೇವರೆಂದು ನಂಬಿದ ಸಹಾಯಕ ಪೊಲೀಸ್ ಅಧಿಕಾರಿಯ ಈ ಪಾತ್ರದಲ್ಲಿ ಜೋಸೆಫ್ ಕಲೇಯಾ ಇದ್ದಾರೆ. ದಾಖಲೆ ಕಚೇರಿಯಲ್ಲಿ ವಾರ್ಗಾಸ್ ಹಳೆಯ ಪ್ರಕರಣಗಳ ಸುಳ್ಳು ಸಾಕ್ಷ್ಯಗಳನ್ನು ತೋರಿಸಿದಾಗ ಮೆನ್ಜೀಸ್ ಕುಸಿದುಹೋಗುವ ಒಂದು ಕ್ಲೋಸ್‌ಅಪ್ ಹಳೆಯ ಆವೃತ್ತಿಯಲ್ಲಿತ್ತು. ವೆಲ್ಸ್ ಅದನ್ನು ತೆಗೆಯಲು ಟಿಪ್ಪಣಿಯಲ್ಲಿ ಕೇಳಿದ್ದರು, ಮರ್ಚ್ ತೆಗೆದರು. ಕೆಲವೇ ಸೆಕೆಂಡುಗಳ ಬದಲಾವಣೆ. ಆದರೆ ಆ ಕುಸಿತ ಇಲ್ಲವಾದೊಡನೆ ಮೆನ್ಜೀಸ್ ಅಲ್ಲಿ ಸೋಲುವುದಿಲ್ಲ, ವಾದಿಸುತ್ತಲೇ ಉಳಿಯುತ್ತಾನೆ. ಮುಂದೆ ಅವನು ಮೈಕ್ ಕಟ್ಟಿಕೊಂಡು ಗೆಳೆಯನ ಬಾಯಿ ಬಿಡಿಸಲು ಹೋಗುವುದು ಆಗ ಬೆದರಿದವನ ಕೆಲಸವಾಗಿ ಕಾಣದೆ, ತಾನಾಗಿ ತೀರ್ಮಾನಿಸಿದವನ ಕೆಲಸವಾಗಿ ಕಾಣುತ್ತದೆ. ಈ ಒಂದು ಕತ್ತರಿಗಾಗಿಯೇ ನಾನು 1998ರ ಆವೃತ್ತಿಯನ್ನು ಆರಿಸುತ್ತೇನೆ.

ಆ ಮೈಕ್‌ನ ದೃಶ್ಯವೂ ಮತ್ತೆ ಕಿವಿಯದ್ದೇ. ಕ್ಯಾಲಿಫೋರ್ನಿಯಾದ ವೆನಿಸ್ ಎಂಬ ಊರಿನ ಪಾಳುಬಿದ್ದ ಕಾಲುವೆಗಳು, ಎಣ್ಣೆ ಬಾವಿಯ ಗೋಪುರಗಳು ಇಲ್ಲಿ ಮೆಕ್ಸಿಕೋ ಗಡಿಯ ವೇಷದಲ್ಲಿವೆ. ಮೇಲೆ ಮೆನ್ಜೀಸ್ ಮತ್ತು ಕ್ವಿನ್ಲನ್ ಮಾತನಾಡುತ್ತ ನಡೆಯುತ್ತಾರೆ. ಕೆಳಗೆ ಕೊಳಕು ನೀರಿನಲ್ಲಿ ವಾರ್ಗಾಸ್ ಧ್ವನಿಮುದ್ರಣ ಯಂತ್ರ ಹಿಡಿದು ಹಿಂಬಾಲಿಸುತ್ತಾನೆ. ಸೇತುವೆಯ ಹತ್ತಿರ ಬಂದಾಗ ಯಂತ್ರದ ಸ್ಪೀಕರ್‌ನಿಂದ ಹೊರಟ ತನ್ನದೇ ಧ್ವನಿಯ ಪ್ರತಿಧ್ವನಿ ಕ್ವಿನ್ಲನ್‌ಗೆ ಕೇಳಿಸುತ್ತದೆ, ಮೋಸ ಬಯಲಾಗುತ್ತದೆ. ಎದುರಿನ ಮಾತು, ಯಂತ್ರದಿಂದ ಬರುವ ಮಾತು, ಸೇತುವೆಗೆ ಬಡಿದು ಮರಳುವ ಮಾತು ಎಂಬ ಮೂರು ಬಗೆಯ ಧ್ವನಿಗಳನ್ನು ವೆಲ್ಸ್ ಬೇರೆ ಬೇರೆಯಾಗಿ ಕೇಳಿಸುತ್ತಾರೆ. ಇದೆಲ್ಲವೂ ಒಂದೇ ಚಾನಲ್‌ನ ಮಾನೋ ಧ್ವನಿಯಲ್ಲಿದೆ ಎಂಬುದನ್ನು ಮರೆಯಬೇಡಿ. ಸೌಂಡ್‌ಬಾರ್‌ನ ‘ಸರೌಂಡ್’ ಪರಿಣಾಮವನ್ನು ಹಾಕಿಕೊಂಡು ನೋಡಿದರೆ ಆ ಮೂರೂ ಕಲಸಿಹೋಗಿ, ಕ್ವಿನ್ಲನ್‌ಗೆ ಅನುಮಾನ ಬಂದದ್ದು ಏಕೆಂದೇ ತಿಳಿಯದೆ ಹೋಗಬಹುದು.

ತಬಲಾತರಂಗ:

ಈ ಮಾತಿಗೆ ನನ್ನ ಪೂರ್ಣ ಸಮ್ಮತಿ ಇದೆ. ಹೆಡ್‌ಫೋನ್ ಇದ್ದವರು ಆ ದೃಶ್ಯದ ಮಟ್ಟಿಗಾದರೂ ಹಾಕಿಕೊಂಡು ಕೇಳಲಿ. ದೂರದಲ್ಲಿ ಟಾನ್ಯಾಳ ಮನೆಯ ಪಿಯನೋಲಾ ಕೇಳಿಸುತ್ತಿರುತ್ತದೆ, ಅದನ್ನೂ ಗಮನಿಸಿ. ಟಾನ್ಯಾ ಆಗಿ ಮಾರ್ಲೀನ್ ಡೀಟ್ರಿಚ್ ತೆರೆಯ ಮೇಲೆ ಬರುವುದು ಕೆಲವೇ ನಿಮಿಷ; ಪಿಯನೋಲಾದಿಂದಾಗಿ ಅವರು ಇಡೀ ಚಿತ್ರದಲ್ಲಿ ಇದ್ದಾರೆ ಎನ್ನಿಸುತ್ತದೆ.

ಚೌಕಟ್ಟು:

ಧ್ವನಿಯಷ್ಟೇ ಮುಖ್ಯವಾದ ಇನ್ನೊಂದು ಬದಲಾವಣೆಯನ್ನು ಕಪ್ಪುಬಿಳುಪು ಅವರು ಹೇಳದೆ ಬಿಟ್ಟಿದ್ದಾರೆ. ಸ್ಫೋಟವಾದ ಮೇಲೆ ವಾರ್ಗಾಸ್ ಘಟನಾ ಸ್ಥಳದಲ್ಲಿ, ಸೂಸನ್ ಆ ಊರಿನ ಪಾತಕಿ ಗ್ರಾಂಡಿಯ ಎದುರಿನಲ್ಲಿ. ಟಿಪ್ಪಣಿ ಹೇಳಿದ್ದು ಈ ಎರಡನ್ನೂ ಅದಲು ಬದಲಾಗಿ ತೋರಿಸಬೇಕೆಂದು. 1958ರವರು ಒಂದೊಂದನ್ನೂ ದೊಡ್ಡ ತುಂಡುಗಳಾಗಿ ಇಟ್ಟರು. 1998ರಲ್ಲಿ ಹೆಣಿಗೆ ಮರಳಿದೆ. ಮದುವೆಯಾದ ಕೂಡಲೇ ಗಡಿ ಈ ಇಬ್ಬರನ್ನು ಬೇರೆ ಮಾಡಿತು ಎಂಬುದು ಆಗ ಮಾತಿನಲ್ಲಿ ಹೇಳದೆಯೇ ತಿಳಿಯುತ್ತದೆ. ಸೂಸನ್ ಪಾತ್ರದ ಜ್ಯಾನೆಟ್ ಲೀ ಚಿತ್ರೀಕರಣ ಆರಂಭವಾಗುವ ಮೊದಲೇ ಎಡಗೈ ಮುರಿದುಕೊಂಡಿದ್ದರು. ಅದನ್ನು ಕೋಟು, ಚೀಲಗಳ ಮರೆಯಲ್ಲಿ ಅಡಗಿಸಿದ್ದಾರೆ. ಎರಡನೆಯ ಸಲ ನೋಡುವವರಿಗೆ ಅದನ್ನು ಹುಡುಕುವುದೇ ಒಂದು ಆಟ.

ಮ್ಯಾಟಿನಿಪ್ರಿಯ:

ಎಚ್ಚರಿಕೆ ಹಾಕಿದ ಭಾಗವನ್ನು ಓದದೆ ಬಿಟ್ಟಿದ್ದೇನೆ. ಉಳಿದದ್ದರಿಂದ ನಾನು ತಿಳಿದುಕೊಂಡಂತೆ, 4ಕೆ ಡಿಸ್ಕ್ ತರಿಸುವುದು, ಟಿವಿಯ ಹೊಂದಾಣಿಕೆಗಳನ್ನು ತೆಗೆಯುವುದು, 1998ರ ಆವೃತ್ತಿಯಿಂದ ಆರಂಭಿಸುವುದು. ಒಂದೇ ಒಂದು ಅನುಮಾನ ಉಳಿದಿದೆ. ತಬಲಾತರಂಗ ಅವರು ಹೇಳಿದ ಬೊಂಗೊ ಕೇಳಲು 1958ರ ಮೊದಲ ದೃಶ್ಯವನ್ನು ಮಾತ್ರ ಮುಂಚೆಯೇ ನೋಡಿದರೆ ತಪ್ಪಾಗುತ್ತದೆಯೇ?

ತಬಲಾತರಂಗ:

ಮುಂಚೆ ಬೇಡ. ಒಮ್ಮೆ ಕಿವಿಗೆ ಹತ್ತಿದರೆ ಆ ತಾಳ ಬಿಡುವುದಿಲ್ಲ, 1998ರ ಬೀದಿಯಲ್ಲಿಯೂ ನೀವು ಅದನ್ನೇ ಹುಡುಕುತ್ತೀರಿ. ಇಡೀ ಚಿತ್ರ ಮುಗಿದ ಮೇಲೆ, ಬೇರೆ ದಿನ, 96 ನಿಮಿಷಗಳದ್ದನ್ನು ಪೂರ್ತಿಯಾಗಿಯೇ ನೋಡಿ. ಆಮೇಲೆ ಇಲ್ಲಿ ಬಂದು ಕಪ್ಪುಬಿಳುಪು ಅವರ ಕಡೆಯೋ ನನ್ನ ಕಡೆಯೋ ತಿಳಿಸಿ.